ಇಳಿವಯಸ್ಸಿನ ಮನೆ: ನಿರ್ಧಾರ ಯಾರದು?

'ವೃದ್ಧಾಶ್ರಮ' ಎಂಬ ಮಾತು ಕೇಳುವುದಕ್ಕೆ ಬಹು ಪ್ರಾಚೀನವೆಂಬಂತೆ ತೋರುತ್ತದೆ. ಅದರ ಎರಡು ಪದಗಳೂ ಪ್ರಾಚೀನವೇ ಸರಿ. ಅವೆರಡರ ಸಮಾಸದ ಬಳಕೆ ಮಾತ್ರ ಹೊಸದು. 'ಆಶ್ರಮ'ವೆಂಬುದು 'ಶ್ರಮ್' ಧಾತುವಿನಿಂದ ಬಂದದ್ದು. ಶ್ರಮಪಡುವ ಎಡೆ ಆಶ್ರಮ. ಬಾಳಿನಲ್ಲಿ ಒಂದೊಂದು ಬಗೆಯ ಶ್ರಮಕ್ಕೆ ಮೀಸಲಾದ ಘಟ್ಟವೂ ಆಶ್ರಮವೇ. 'ಆಶ್ರಯ'ವಾದರೋ 'ಶ್ರಿ' ಧಾತುವಿನಿಂದ ಬಂದದ್ದು. ಒರಗಿಕೊಳ್ಳುವುದು ಅದರ ಅರ್ಥ. ಬಳ್ಳಿ ಮರವನ್ನು ಆಶ್ರಯಿಸುತ್ತದೆ. ಎರಡು ಪದಗಳ ನಡುವೆ ಕಿವಿಗೆ ಕೇಳುವುದು ಒಂದೇ ಅಕ್ಷರದ ಅಂತರ. ಇಳಿವಯಸ್ಸಿನವರು ಬೆಳೆದ ಮನೆಯನ್ನು ಬಿಟ್ಟು ಹಿರಿಯರಿಗೆಂದೇ ಕಟ್ಟಿದ ಬೇರೆ ನೆಲೆಗೆ ಹೋಗಬೇಕೆ ಬೇಡವೆ ಎಂಬ ಪ್ರಶ್ನೆ ಬಂದಾಗ ಜನರು ಈ ಅಂತರವನ್ನು ಗಮನಿಸದೆ ವಾದಕ್ಕೆ ತೊಡಗುತ್ತಾರೆ. ಆಶ್ರಮಕ್ಕೆ ಮನುಷ್ಯನು ತಾನಾಗಿ ಹೋಗುತ್ತಾನೆ; ಆಶ್ರಯಕ್ಕೆ ಅವನನ್ನು ಒಯ್ದು ಬಿಡುತ್ತಾರೆ. ಹೋಗುವ ಸ್ಥಳ ಒಂದೇ ಆಗಿದ್ದರೂ ಹೋಗುವ ರೀತಿ ಎರಡು.

ಒಂದು ತಲೆಮಾರಿನ ಹಿಂದೆ ಇದು ದೊಡ್ಡ ನಗರಗಳ ಪ್ರಶ್ನೆಯಾಗಿತ್ತು. ಈಗ ಬೋರಗಾಂವದಂಥ ಊರಿನ ಪಡಸಾಲೆಗೂ ಬಂದು ಕುಳಿತಿದೆ. ದೂಧಗಂಗೆಯ ಸೀಮೆಯ ಈ ಊರು ಕರ್ನಾಟಕದ ಅಂಚಿನಲ್ಲಿದೆ. ಮೊದಲು ಚಿಕ್ಕೋಡಿ ತಾಲೂಕಿನಲ್ಲಿದ್ದದ್ದು ಈಗ ನಿಪ್ಪಾಣಿ ತಾಲೂಕಿಗೆ ಸೇರಿದೆ. ಗಡಿ ದಾಟಿದರೆ ಇಚಲಕರಂಜಿ. ಹೊಲದಲ್ಲಿ ಕಬ್ಬು, ಓಣಿಯಲ್ಲಿ ಮಗ್ಗದ ಸಪ್ಪಳ, ಬಾಯಲ್ಲಿ ಕನ್ನಡ ಮರಾಠಿಗಳೆರಡೂ. ಅಲ್ಲಿಯ ಒಬ್ಬ ನಿವೃತ್ತ ಗುರುಗಳನ್ನು ಕಲ್ಪಿಸಿಕೊಳ್ಳಬಹುದು. ಕಲ್ಪನೆಯೆಂದರೂ ಇಂಥವರು ಓಣಿಗೊಬ್ಬರು ಇದ್ದಾರು.

ಗುರುಗಳಿಗೆ ಎಪ್ಪತ್ತೆರಡು ವರ್ಷ, ಅವರ ಮಡದಿಗೆ ಅರವತ್ತೇಳು. ಮಗ ಪುಣೆಯಲ್ಲಿ ಎಂಜಿನಿಯರ. ಮಗಳನ್ನು ಅಥಣಿಯ ಕಡೆಗೆ ಕೊಟ್ಟಿದ್ದಾರೆ. ನಾಲ್ಕೆಕರೆ ಕಬ್ಬಿನ ಹೊಲ ಪಾಲಿಗೆ ಹೋಗಿದೆ. ತಿಂಗಳಾದೊಡನೆ ನಿವೃತ್ತಿವೇತನ ಬರುತ್ತದೆ. ಮೊಣಕಾಲಿನ ನೋವಿಗೆ, ಕಣ್ಣಿನ ಪೊರೆಗೆ, ಎದೆಯ ಪರೀಕ್ಷೆಗೆ ಮಿರಜ, ಕೊಲ್ಲಾಪುರ, ಬೆಳಗಾವಿ ಎಂದು ತಿರುಗಬೇಕು. ಪ್ರತಿಸಲವೂ ಯಾರನ್ನಾದರೂ ಜೊತೆಗೆ ಬಾ ಎಂದು ಕೇಳಿಕೊಳ್ಳಬೇಕು. ಮಗ ಒಂದು ಯೋಜನೆಯನ್ನು ತಂದಿದ್ದಾನೆ. ಪುಣೆಯ ಹೊರವಲಯದಲ್ಲಿ ಹಿರಿಯರಿಗಾಗಿಯೇ ಕಟ್ಟಿದ ವಸತಿ ಸಂಕೀರ್ಣ. ಐವತ್ತೈದು ತುಂಬದವರಿಗೆ ಅಲ್ಲಿ ನೆಲೆಸಲು ಅವಕಾಶವಿಲ್ಲ. ಊಟದ ಸಾಲೆ, ವೈದ್ಯರು, ದಾದಿ, ಜಾರದ ನೆಲ, ಗೋಡೆಗೆ ಹಿಡಿಕೆ, ಹಾಸಿಗೆಯ ಪಕ್ಕದಲ್ಲಿ ಕರೆಗಂಟೆ. "ಅವ್ವಾ, ನೀನಾದರೂ ಅಪ್ಪನಿಗೆ ಹೇಳು" ಎಂದು ಮಗ ಹೋಗಿದ್ದಾನೆ. ದೀಪಾವಳಿಯೊಳಗೆ ಉತ್ತರ ಬೇಕು, ಮುಂಗಡ ಕಟ್ಟಬೇಕು.

ಇಷ್ಟು ಕೇಳಿದೊಡನೆ ಕಟ್ಟೆಯ ಮೇಲೆ ಕುಳಿತವರು ತೀರ್ಪು ಕೊಟ್ಟುಬಿಡುತ್ತಾರೆ. ಕಾಲ ಕೆಟ್ಟಿತು, ಮಗ ತಂದೆತಾಯಿಯರನ್ನು ಕಳಚಿಕೊಳ್ಳುತ್ತಿದ್ದಾನೆ, ಸೊಸೆ ಕಿವಿ ಊದಿದ್ದಾಳೆ. ಈ ತೀರ್ಪು ಸುಲಭವಾದದ್ದು. ಆದುದರಿಂದಲೇ ಅದನ್ನು ಸಂಶಯದಿಂದ ನೋಡಬೇಕು. ಮಗನನ್ನು ಪುಣೆಗೆ ಕಳಿಸಿದವರು ಯಾರು? ಅದೇ ತಂದೆ, ಅದೇ ಗುರುವೃಂದ. ಹೊಟ್ಟೆಬಟ್ಟೆ ಕಟ್ಟಿ ಓದಿಸಿದ್ದು ಅವನು ದೂರ ಹೋಗಲಿ ಎಂದೇ ಅಲ್ಲವೆ? ಯಾವ ಶಾಲೆಯ ಸ್ಮರಣ ಸಂಚಿಕೆಯನ್ನು ತೆರೆದರೂ ಬೆಂಗಳೂರು, ಪುಣೆ, ಮುಂಬಯಿ, ಅಮೇರಿಕೆಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳ ಹೆಸರುಗಳು ಹೆಮ್ಮೆಯಿಂದ ಅಚ್ಚಾಗಿರುತ್ತವೆ. ದೂರ ಹೋದವರ ಪಟ್ಟಿಯನ್ನು ಒಂದು ಪುಟದಲ್ಲಿ ಕೀರ್ತಿಯೆಂದು ಮುದ್ರಿಸಿ, ಮತ್ತೊಂದು ಪುಟದಲ್ಲಿ ಅವರು ಹತ್ತಿರ ಇಲ್ಲವೆಂದು ಶಪಿಸುವುದು ನ್ಯಾಯವಲ್ಲ. ೨೦೧೧ರ ಜನಗಣತಿಯಲ್ಲಿಯೇ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಮೀರಿದ್ದರು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು ಒಂಬತ್ತೂವರೆ ಮಂದಿ. ಆಯುಸ್ಸು ಬೆಳೆಯಿತು, ಮಕ್ಕಳ ಸಂಖ್ಯೆ ಇಳಿಯಿತು, ಕೆಲಸ ಊರಿನಿಂದ ಆಚೆಗೆ ಹೋಯಿತು. ಇವು ಮೂರೂ ಯಾರೊಬ್ಬರ ಕೃತಘ್ನತೆಯಿಂದಲೂ ಆದವಲ್ಲ.

ಲೋಕನಿಂದೆಯ ಮಾತಿಗೂ ಈ ಸೀಮೆಯಲ್ಲಿ ಹೆಚ್ಚು ಬೆಲೆಯಿರಬಾರದು. ಮನೆ ಬಿಟ್ಟು ಹೋಗುವುದು ಇಲ್ಲಿಯವರಿಗೆ ಅಪರಿಚಿತವಲ್ಲ. ಹತ್ತಿರದ ಭೋಜದ ಶಾಂತಿಸಾಗರರು ೧೯೫೫ರಲ್ಲಿ ಕುಂಥಲಗಿರಿಯಲ್ಲಿ, ೧೯೪೬ರಲ್ಲಿ ಸದಲಗಾದಲ್ಲಿ ಜನಿಸಿದ ವಿದ್ಯಾಸಾಗರರು ೨೦೨೪ರಲ್ಲಿ ದೂರದ ಚಂದ್ರಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಮುನಿಗಳ ತ್ಯಾಗವನ್ನು ಗೃಹಸ್ಥರ ಮನೆ ಬದಲಾವಣೆಗೆ ಹೋಲಿಸುವುದು ತರವಲ್ಲ. ಆದರೆ ಒಂದು ಮಾತನ್ನು ಹೇಳಬಹುದು: ಹುಟ್ಟಿದ ಮನೆಯಲ್ಲಿಯೇ ಸಾಯದಿದ್ದರೆ ಅವಮಾನವೆಂಬ ಭಾವನೆ ಈ ಮಣ್ಣಿನದಲ್ಲ. ಅವಮಾನವಿರುವುದು, ಹೋಗುವವನನ್ನು ಕೇಳದೆ ಕಳಿಸುವುದರಲ್ಲಿ.

ಈ ವಿಷಯದಲ್ಲಿ ವ್ಯಾಸಭಾರತದ ಆಶ್ರಮವಾಸಿಕ ಪರ್ವಕ್ಕಿಂತ ದೊಡ್ಡ ದೃಷ್ಟಾಂತವಿಲ್ಲ. ಕನ್ನಡಿಗರ ಕಿವಿಗೆ ಅದು ಅಷ್ಟಾಗಿ ಬಿದ್ದಿಲ್ಲ. ಅದಕ್ಕೆ ಕಾರಣವೂ ಇದೆ. ಕುಮಾರವ್ಯಾಸನ ಭಾರತ ಹತ್ತು ಪರ್ವಗಳಿಗೆ ನಿಂತಿತು. ಮುಂದಿನ ಭಾಗವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ಣಗೊಳಿಸಿದನಾದರೂ ಊರೂರುಗಳ ವಾಚನದಲ್ಲಿ ಅದಕ್ಕೆ ಅಷ್ಟು ಸ್ಥಾನ ದೊರೆಯಲಿಲ್ಲ. ಹೀಗಾಗಿ ಯುದ್ಧ ಮುಗಿದ ಮೇಲೆ ಮುದುಕರ ಗತಿ ಏನಾಯಿತೆಂಬುದನ್ನು ಕೇಳದೆಯೇ ಜನ ಎದ್ದು ಮನೆಗೆ ಹೋಗುತ್ತಾರೆ.

ಗೆದ್ದವರ ಮನೆಯಲ್ಲಿ ಧೃತರಾಷ್ಟ್ರನು ಹದಿನೈದು ವರ್ಷ ಇದ್ದನು. ಧರ್ಮರಾಜನು ಅವನಿಗೆ ಯಾವ ಕೊರತೆಯನ್ನೂ ಮಾಡಲಿಲ್ಲ. ಊಟ, ಉಡುಗೆ, ಗೌರವ ಎಲ್ಲವೂ ಹಿಂದಿನಂತೆಯೇ ನಡೆದವು. ಆದರೆ ಭೀಮನು ಆಗಾಗ ಮುದುಕನ ಕಿವಿಗೆ ಬೀಳುವಂತೆ, ಧರ್ಮರಾಜನಿಗೆ ತಿಳಿಯದಂತೆ, ತನ್ನ ತೋಳುಗಳ ಪ್ರತಾಪವನ್ನು ಆಡಿಕೊಳ್ಳುತ್ತಿದ್ದನು. ಮುದುಕನು ಯಾರಿಗೂ ದೂರಲಿಲ್ಲ. ಗುಟ್ಟಾಗಿ ಊಟವನ್ನು ಕಡಿಮೆ ಮಾಡಿದನು, ನೆಲದ ಮೇಲೆ ಮಲಗತೊಡಗಿದನು. ಹತ್ತು ಮಂದಿಯ ಆದರ ಒಬ್ಬನ ಚುಚ್ಚುಮಾತನ್ನು ಅಳಿಸಲಾರದು. ಮನೆಯಲ್ಲಿ ನೆಲೆಸಿದ ಹಿರಿಯರೆಲ್ಲ ಸುಖಿಗಳು, ಹೊರಗೆ ಹೋದವರೆಲ್ಲ ಅನಾಥರು ಎಂದು ಎಣಿಸುವವರು ಈ ಪ್ರಸಂಗವನ್ನು ಓದಬೇಕು. ಮಕ್ಕಳ ಮನೆಯೊಳಗೇ ವನವಾಸ ಮಾಡುವವರು ಉಂಟು.

ಇನ್ನೊಂದು ಸಂಗತಿ ಇದಕ್ಕಿಂತ ಕಟುವಾದದ್ದು. ಹೊರಡುವ ಮೊದಲು ಭೀಷ್ಮದ್ರೋಣಾದಿಗಳ ಮತ್ತು ತನ್ನ ಮಕ್ಕಳ ಶ್ರಾದ್ಧ ಮಾಡಬೇಕೆಂದು ಧೃತರಾಷ್ಟ್ರನು ಹಣ ಬೇಡಿಸಿದನು. ಒಂದು ಕಾಲಕ್ಕೆ ಭಂಡಾರವೆಲ್ಲ ಅವನದೇ ಆಗಿತ್ತು. ಭೀಮನು ಕೊಡಬಾರದೆಂದನು, ಧರ್ಮರಾಜ ಅರ್ಜುನರು ಕೊಡಿಸಿದರು. ಹಣ ಬಂದಿತು. ಆದರೆ ಬೇಡಿದ್ದು ಬೇಡಿದ್ದೇ.

ಕುಂತಿಯದು ಇದಕ್ಕೆ ವಿರುದ್ಧವಾದ ಚಿತ್ರ. ಅವಳಿಗೆ ಮನೆಯಲ್ಲಿ ಯಾರ ಚುಚ್ಚುಮಾತೂ ಇರಲಿಲ್ಲ. ಐವರು ಮಕ್ಕಳು ಅತ್ತು ಬೇಡಿದರು. ಮಕ್ಕಳು ಪರರ ಅನ್ನಕ್ಕೆ ಕೈಯೊಡ್ಡಬಾರದೆಂದು ತಾನು ಅವರನ್ನು ಯುದ್ಧಕ್ಕೆ ಪ್ರೇರಿಸಿದ್ದು ನಿಜ. ಆದರೆ ಅವರು ಗೆದ್ದ ರಾಜ್ಯದ ಭೋಗ ತನಗೆ ಬೇಡ ಎಂದು ಅವಳು ಹೇಳಿದಳು. ಕಾರ್ತಿಕ ಪೌರ್ಣಿಮೆಯ ದಿನ ಕುಂತಿ ಮುಂದೆ, ಅವಳ ಹೆಗಲ ಮೇಲೆ ಕೈಯಿಟ್ಟು ಕಣ್ಣು ಕಟ್ಟಿಕೊಂಡ ಗಾಂಧಾರಿ, ಗಾಂಧಾರಿಯ ಹೆಗಲ ಮೇಲೆ ಕೈಯಿಟ್ಟು ಕುರುಡು ಅರಸ, ಹೀಗೆ ಮೂವರೂ ನಡೆದರು. ಮೂವರಲ್ಲಿ ಒಬ್ಬಳು ಮಾತ್ರ ಕಣ್ಣು ತೆರೆದು, ಯಾವ ನೋವಿನ ನೂಕೂ ಇಲ್ಲದೆ ಹೊರಟವಳು. ಆಶ್ರಮಕ್ಕೆ ಹೋದವಳು ಕುಂತಿ. ಧೃತರಾಷ್ಟ್ರನಿಗೆ ಅದು ಆಶ್ರಯವೇ ಆಗಿತ್ತು.

ಹಾಗಾದರೆ ಬೋರಗಾಂವದ ಗುರುಗಳ ಮನೆಯಲ್ಲಿ ಕುಂತಿ ಯಾರು? ಇದನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ. ಮಗ ತಂದೆಯೊಡನೆ ಮಾತನಾಡಿದ. ತಾಯಿಗೆ ಸಿಕ್ಕದ್ದು ತಂದೆಯನ್ನು ಒಪ್ಪಿಸುವ ಕೆಲಸ. ಗುರುಗಳಿಗೆ ಊರಿನಲ್ಲಿ ಕಟ್ಟೆಯಿದೆ, ವಾಚನಾಲಯವಿದೆ, ಎದುರಿಗೆ ಬಂದು "ನಮಸ್ಕಾರ್ರೀ ಸರ" ಎನ್ನುವ ನಲವತ್ತು ವರ್ಷಗಳ ಶಿಷ್ಯರಿದ್ದಾರೆ. ಇವೆಲ್ಲ ಬಿಟ್ಟು ಹೋದರೆ ಅವರು ಬರಿಯ ಮೂರನೆಯ ಮಹಡಿಯ ಮುದುಕರು. ಆದುದರಿಂದ ಮನೆಯ ಮಹಿಮೆಯನ್ನು ಅವರು ಹೊಗಳುವುದು ಸಹಜ. ಆ ತಾಯಿಗೆ ಏನಿದೆ? ನಸುಕಿನಲ್ಲಿ ಎದ್ದು ನೀರು ತುಂಬುವುದು, ಬಗ್ಗಿ ಅಂಗಳ ಗುಡಿಸುವುದು, ಎರಡು ಹೊತ್ತು ರೊಟ್ಟಿ ಬಡಿಯುವುದು. ಐವತ್ತು ವರ್ಷ ಒಲೆಯ ಮುಂದೆ ಕುಳಿತವಳಿಗೆ ಯಾರೋ ಬಡಿಸಿದ ಅನ್ನವನ್ನು ಕುಳಿತು ಉಣ್ಣುವ ಆಸೆ ಇರಬಾರದೆ? ಮನೆಯೇ ಲೇಸೆಂಬ ಲೇಖನಗಳನ್ನೆಲ್ಲ ಬರೆದವರು ಬಹುಮಟ್ಟಿಗೆ ಗಂಡಸರು. ಅವರ ಮನೆಯಲ್ಲಿ ಒಲೆ ಹೊತ್ತಿಸುವವರು ಬೇರೆ. ಭಾಷೆಯ ಅಡ್ಡಿಯೂ ಇಲ್ಲಿ ನಿಲ್ಲುವಂಥದ್ದಲ್ಲ. ತುಮಕೂರಿನ ಅಜ್ಜಿಗೆ ಪುಣೆ ಪರದೇಶವಾದೀತು. ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಆಡಿ ಬೆಳೆದ ಬೋರಗಾಂವದ ತಾಯಿಗೆ ಆಗಲಾರದು. ಅವಳು ಹೋಗಲು ಒಪ್ಪಬಹುದು, ಒಪ್ಪದಿರಬಹುದು. ಆದರೆ ಅವಳ ಮತ ಗಂಡನ ಮತದ ಬಾಲಂಗೋಚಿಯಲ್ಲ.

ಇನ್ನು ಹಣದ ಮಾತು. ಸಾಹಿತ್ಯದ ಜನ ಇದನ್ನು ಕೀಳೆಂದು ಬದಿಗಿಡುತ್ತಾರೆ. ಧೃತರಾಷ್ಟ್ರನ ಶ್ರಾದ್ಧದ ಹಣವನ್ನು ನೆನೆದರೆ ಹಾಗೆ ಬದಿಗಿಡಲಾಗದು. ಈ ಭಾಗದಲ್ಲಿ ಹಿರಿಯರು ಎಪ್ಪತ್ತು ತುಂಬುವ ಮೊದಲೇ ವಾಟಣಿ ಮಾಡಿ, ಉತಾರದಲ್ಲಿ ಮಕ್ಕಳ ಹೆಸರು ಏರಿಸಿ, ಬಕ್ಷೀಸ ಪತ್ರ ಬರೆದು ಕೈ ತೊಳೆದುಕೊಳ್ಳುವುದು ವಾಡಿಕೆ. ಜವಾಬ್ದಾರಿ ಮುಗಿಯಿತೆಂಬ ಸಮಾಧಾನ ಅವರಿಗೆ. ಆದರೆ ಮುಗಿಯುವುದು ಜವಾಬ್ದಾರಿಯಲ್ಲ, ನಿರ್ಧಾರದ ಅಧಿಕಾರ. ಮೃತ್ಯುಪತ್ರಕ್ಕೂ ಬಕ್ಷೀಸ ಪತ್ರಕ್ಕೂ ಇರುವ ಭೇದವನ್ನು ಪ್ರತಿಯೊಬ್ಬ ಹಿರಿಯರೂ ಅರಿತಿರಬೇಕು. ಮೊದಲನೆಯದು ಬರೆದವನ ಮರಣಾನಂತರ ಜಾರಿಗೆ ಬರುತ್ತದೆ, ಬದುಕಿರುವವರೆಗೆ ಬದಲಾಯಿಸಬಹುದು. ಎರಡನೆಯದು ನೋಂದಣಿಯಾಗಿ ಕೈಬಿಟ್ಟು ಹೋದಮೇಲೆ ಸುಲಭವಾಗಿ ತಿರುಗಿ ಬಾರದು. ತ್ಯಾಗವೀರ ಸಿರಸಂಗಿ ಲಿಂಗರಾಜರು ೧೯೦೬ರಲ್ಲಿ ತೀರಿಕೊಂಡಾಗ ಅವರ ಆಸ್ತಿ ವಿದ್ಯಾರ್ಥಿಗಳ ಪಾಲಾದದ್ದು ಮೃತ್ಯುಪತ್ರದ ಮೂಲಕ. ಬೆಳಗಾವಿ ಜಿಲ್ಲೆಯ ಅತಿ ದೊಡ್ಡ ದಾನಿಯ ಈ ಕ್ರಮ ಸಾಮಾನ್ಯ ಗೃಹಸ್ಥನಿಗೂ ತಕ್ಕದ್ದೇ.

ಸಂಸತ್ತು ೨೦೦೭ರಲ್ಲಿ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು ಒಂದು ಅಧಿನಿಯಮವನ್ನು ರಚಿಸಿತು. ಅದರ ಪ್ರಕಾರ, ತಮ್ಮನ್ನು ನೋಡಿಕೊಳ್ಳದ ಮಕ್ಕಳ ವಿರುದ್ಧ ಅರವತ್ತು ತುಂಬಿದವರು ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ ದೂರು ಕೊಡಬಹುದು. ಅದರ ೨೩ನೆಯ ಕಲಮು ಮುಖ್ಯವಾದದ್ದು. ತನ್ನ ಪೋಷಣೆ ಮಾಡಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ಕೊಟ್ಟಿದ್ದು, ಪಡೆದವನು ಆ ಷರತ್ತನ್ನು ನಡೆಸದಿದ್ದರೆ, ಆ ಪತ್ರವನ್ನು ರದ್ದುಗೊಳಿಸಬಹುದು. ಆದರೆ ೨೦೨೨ರ ಡಿಸೆಂಬರದಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಷರತ್ತಿನ ಮೇಲೆಯೇ ಆಸ್ತಿ ಕೊಟ್ಟದ್ದೆಂಬುದು ಸಿದ್ಧವಾಗದಿದ್ದರೆ ಈ ಕಲಮು ಅನ್ವಯಿಸದೆಂದು ತಿಳಿಸಿತು. ೨೦೨೫ರ ಜನವರಿಯಲ್ಲಿ ಅದೇ ನ್ಯಾಯಾಲಯವು ಹಿರಿಯರ ಹಿತಕ್ಕಾಗಿ ಹುಟ್ಟಿದ ಈ ಕಾಯದೆಯನ್ನು ಉದಾರವಾಗಿ ಅರ್ಥೈಸಬೇಕೆಂದು ಹೇಳಿತು. ಉದಾರವಾದ ಅರ್ಥವನ್ನು ನೆಚ್ಚಿಕೊಂಡು ಕೂಡುವುದಕ್ಕಿಂತ, ಬರೆಯುವಾಗಲೇ ಒಂದು ವಾಕ್ಯವನ್ನು ಹೆಚ್ಚಿಗೆ ಬರೆಯಿಸುವುದು ಜಾಣತನ. 'ನನ್ನ ಮಗನ ಮೇಲೆ ನನಗೆ ವಿಶ್ವಾಸವಿದೆ' ಎಂದು ಹಿರಿಯರು ನಾಚುತ್ತಾರೆ. ವಿಶ್ವಾಸವಿರುವಲ್ಲಿ ಆ ವಾಕ್ಯದಿಂದ ಯಾರಿಗೂ ನಷ್ಟವಿಲ್ಲವಷ್ಟೆ.

ಅದೇ ಅಧಿನಿಯಮದ ೧೯ನೆಯ ಕಲಮಿನಲ್ಲಿ ವ್ಯಾಕರಣಜ್ಞರ ಗಮನ ಸೆಳೆಯುವ ಒಂದು ಕ್ರಿಯಾಪದವಿದೆ. ಜಿಲ್ಲೆಗೆ ಕನಿಷ್ಠ ಒಂದರಂತೆ, ಕನಿಷ್ಠ ೧೫೦ ನಿರ್ಗತಿಕ ಹಿರಿಯರು ಇರುವಂಥ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರವು ಸ್ಥಾಪಿಸ'ಬಹುದು' ಎಂದು ಅಲ್ಲಿದೆ. 'ತಕ್ಕದ್ದು' ಎಂದಿಲ್ಲ. ಒಂದು ಪ್ರತ್ಯಯದ ಸಡಿಲಿನಲ್ಲಿ ಎಷ್ಟೋ ಜಿಲ್ಲೆಗಳ ಬಡವರು ಜಾರಿಹೋದರು. ಬೋರಗಾಂವದ ಗುರುಗಳಿಗೆ ಹೋಗುವುದೋ ಇರುವುದೋ ಎಂಬ ಆಯ್ಕೆಯಾದರೂ ಇದೆ. ಅವರ ಹೊಲದಲ್ಲಿ ಕಬ್ಬು ಕಡಿದು ಸೊಂಟ ಮುರಿದ ಮುದುಕನಿಗೆ ಇರುವುದು ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳ ೧,೨೦೦ ರೂಪಾಯಿ. ಆಯ್ಕೆಯೆಂಬುದು ಅವನ ಬಾಗಿಲಿಗೆ ಬಂದೇ ಇಲ್ಲ. ಬೆಳಗಾವಿಯ ಸಮೀಪ ಬಾಮನವಾಡಿಯ ಶಾಂತಾಯಿ ವೃದ್ಧಾಶ್ರಮದಂಥ ಧರ್ಮಾರ್ಥ ಸಂಸ್ಥೆಗಳು ದಾನಿಗಳ ನೆರವಿನಿಂದ ಇಂಥವರಿಗೆ ಆಸರೆಯಾಗಿವೆ. ಅಂಥವು ತಾಲೂಕಿಗೊಂದಾದರೂ ಇದ್ದರೆ ಒಳ್ಳೆಯದಿತ್ತು.

ಹಣ ಕೊಟ್ಟು ಸೇರುವ ವಸತಿ ಸಂಕೀರ್ಣಗಳ ಲೆಕ್ಕ ಬೇರೆ. ಕೆಲವೆಡೆ ಮನೆಯನ್ನು ಕೊಳ್ಳಬೇಕು, ಕೆಲವೆಡೆ ದೊಡ್ಡ ಠೇವಣಿಯಿಟ್ಟು ಬದುಕಿರುವವರೆಗೆ ಇರಬಹುದು, ಕೆಲವೆಡೆ ಬಾಡಿಗೆ. ಮೂರರಲ್ಲಿಯೂ ಊಟೋಪಚಾರ ಸೇವೆಗಳಿಗೆಂದು ತಿಂಗಳ ಶುಲ್ಕ ಪ್ರತ್ಯೇಕ. ಅದು ಕಾಲಕಾಲಕ್ಕೆ ಏರುತ್ತ ಹೋಗುತ್ತದೆ. ನಿವೃತ್ತಿವೇತನ ಅದರ ಹಿಂದೆ ಕುಂಟುತ್ತ ಹೋಗಬೇಕು. ಕರ್ನಾಟಕದಲ್ಲಿ ೨೦೦೬ರ ಏಪ್ರಿಲ್ ೧ರ ಅನಂತರ ನೌಕರಿಗೆ ಸೇರಿದ ಶಿಕ್ಷಕರಲ್ಲಿ ಬಹುಪಾಲಿನವರಿಗೆ ಹಳೆಯ ಕ್ರಮದ ನಿವೃತ್ತಿವೇತನವೂ ಇಲ್ಲ. ಇಂದು ಪಾಠ ಹೇಳುತ್ತಿರುವ ತರುಣ ಗುರುಗಳು ಈ ಲೆಕ್ಕವನ್ನು ಎಪ್ಪತ್ತರಲ್ಲಲ್ಲ, ಮೂವತ್ತೈದರಲ್ಲಿಯೇ ಹಾಕತೊಡಗಬೇಕು.

ಮುಂಗಡ ಕಟ್ಟುವ ಮೊದಲು ಕೇಳಬೇಕಾದ ಮಾತುಗಳನ್ನು ಸಂಕೋಚವಿಲ್ಲದೆ ಕೇಳಬೇಕು. ನಡೆದಾಡುವವರೆಗೆ ಎಲ್ಲರೂ ಆದರಿಸುತ್ತಾರೆ. ಹಾಸಿಗೆ ಹಿಡಿದ ಮೇಲೆ ಅಲ್ಲಿಯೇ ಇರಬಹುದೆ, ಬೇರೆಡೆಗೆ ಕಳಿಸುತ್ತಾರೆಯೆ? ಮರೆವಿನ ರೋಗ ಬಂದರೆ? ದಂಪತಿಗಳಲ್ಲಿ ಒಬ್ಬರು ಹೋದರೆ ಉಳಿದವರ ಶುಲ್ಕವೆಷ್ಟು? ಕಟ್ಟಿದವನು ಮಾರಿ ಹೊರಟುಹೋದ ಬಳಿಕ ಸೇವೆ ನಡೆಸುವವರು ಯಾರು? ಮಗನಿಗೆ ವಾರಸುದಾರಿಕೆ ಬಂದರೂ ಐವತ್ತೈದು ತುಂಬದೆ ಅವನು ಅಲ್ಲಿ ವಾಸಿಸುವಂತಿಲ್ಲ. ಮಾರಬೇಕಾದರೆ ಕೊಳ್ಳುವವನೂ ಮುದುಕನೇ ಆಗಬೇಕು. ಕೇಂದ್ರದ ವಸತಿ ಮಂತ್ರಾಲಯವು ೨೦೧೯ರಲ್ಲಿ ಇಂಥ ನಿವಾಸಗಳಿಗೆ ಮಾದರಿ ಮಾರ್ಗಸೂಚಿಯನ್ನು ಹೊರಡಿಸಿದೆ. ಅದು ಮಾದರಿಯಷ್ಟೇ, ಶಾಸನವಲ್ಲ. ಆದರೂ ಕರಾರುಪತ್ರವನ್ನು ಅದರೊಡನೆ ಹೋಲಿಸಿ ನೋಡುವುದರಿಂದ ಅನುಕೂಲವುಂಟು. ಎಲ್ಲಕ್ಕೂ ಮಿಗಿಲಾಗಿ, ಊರ ಮನೆಯನ್ನು ಮಾರದೆ, ಬೀಗ ಹಾಕಿಟ್ಟು, ಮೂರು ತಿಂಗಳು ಬಾಡಿಗೆಗೆ ಇದ್ದು ನೋಡಬೇಕು. ತಿರುಗಿ ಬರುವ ದಾರಿ ತೆರೆದಿರುವವರೆಗೆ ಹೋದದ್ದು ಸ್ವಂತ ಇಚ್ಛೆಯಿಂದ ಹೋದದ್ದಾಗಿ ಉಳಿಯುತ್ತದೆ.

ಇಷ್ಟಾದರೂ ವಯಸ್ಸಿನ ಮಿತಿಯಿಟ್ಟ ಊರು ಎಂಬ ಕಲ್ಪನೆಯಲ್ಲಿಯೇ ಒಂದು ಕುಂದಿದೆ. ಅದು ಅನುಕೂಲಗಳ ಕೊರತೆಯಲ್ಲ. ಈ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಅಮೇರಿಕೆಯ ಅರಿಝೋನಾ ರಾಜ್ಯದ ಮರುಭೂಮಿಯಲ್ಲಿ. ೧೯೬೦ರ ಜನವರಿ ೧ರಂದು ಡೆಲ್ ವೆಬ್ ಎಂಬ ಕಂತ್ರಾಟುದಾರನು ಅಲ್ಲಿ ಸನ್ ಸಿಟಿ ಎಂಬ ಊರನ್ನು ತೆರೆದನು. ಹಿರಿಯರಿಗೆ ಮನೆಗಳು, ಆಟದ ಬಯಲು, ಈಜುಕೊಳ, ಅಂಗಡಿ, ಎಲ್ಲವೂ ಇದ್ದವು, ಶಾಲೆಯೊಂದು ಇರಲಿಲ್ಲ. ಮಕ್ಕಳಿಲ್ಲದ ಊರಿಗೆ ಶಾಲೆಯೇಕೆ? ಮುಂದೆ ನಡೆದದ್ದನ್ನು ಗುರುಗಳೂ ದಾನಿಗಳೂ ಕಿವಿಗೊಟ್ಟು ಕೇಳತಕ್ಕದ್ದು. ನೆರೆಯ ಪಿಯೋರಿಯಾ ಊರಿನ ಶಾಲೆಗಳಿಗೆ ಹಣ ಬೇಕಾಗಿತ್ತು. ಅದಕ್ಕಾಗಿ ಸಾಲವೆತ್ತುವ ಪ್ರಸ್ತಾವಗಳು ಮತಕ್ಕೆ ಬರುತ್ತಿದ್ದವು. ಸನ್ ಸಿಟಿಯ ಹಿರಿಯರು ಒಗ್ಗಟ್ಟಾಗಿ ಮತ ಹಾಕಿ ಅವುಗಳನ್ನು ಮತ್ತೆ ಮತ್ತೆ ಸೋಲಿಸಿದರು. ೧೯೭೦ರ ದಶಕದಲ್ಲಿ ಆ ಶಿಕ್ಷಣ ಮಂಡಲವು ಬೇಸತ್ತು ಅವರ ಊರನ್ನೇ ತನ್ನ ಎಲ್ಲೆಯಿಂದ ಹೊರಗಿಟ್ಟಿತು. ಅವರು ಕೆಟ್ಟವರಾಗಿರಲಿಲ್ಲ, ತಮ್ಮ ಮಕ್ಕಳನ್ನು ಓದಿಸಿ ಬಂದವರೇ. ಆದರೆ ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಚೀಲ ಹೊತ್ತು ಹೋಗುವ ಒಂದು ಮಗುವೂ ಕಣ್ಣಿಗೆ ಬೀಳದಿದ್ದರೆ, ಮಗುವಿನ ಅಗತ್ಯ ಮನಸ್ಸಿಗೂ ಬೀಳದೆ ಹೋಗುತ್ತದೆ.

ನಮ್ಮ ನಾಡಿನ ಶಾಲೆಗಳು ನಿಂತದ್ದು ಯಾರಿಂದ? ಮೊಮ್ಮಕ್ಕಳು ಓದಲೆಂದು ಜಾಗ ಬಿಟ್ಟುಕೊಟ್ಟ ಮುದುಕರಿಂದ, ಮಠದ ಪ್ರಸಾದ ನಿಲಯಕ್ಕೆ ಸುಗ್ಗಿಯಲ್ಲಿ ಜೋಳದ ಚೀಲ ಕಳಿಸಿದ ಮುದುಕಿಯರಿಂದ. ಹಿರಿಯರನ್ನೂ ಕಿರಿಯರನ್ನೂ ಬೇರೆ ಬೇರೆ ಗೋಡೆಗಳೊಳಗೆ ಇಟ್ಟರೆ ನಷ್ಟವಾಗುವುದು ಹಿರಿಯರಿಗೆ ಮಾತ್ರವಲ್ಲ. ಪ್ರಾಚೀನರ ಆಶ್ರಮಗಳಲ್ಲಿಯೂ ವಯಸ್ಸಿನ ಮಿತಿ ಇರಲಿಲ್ಲ. ಕಣ್ವರ ಆಶ್ರಮದಲ್ಲಿ ವೃದ್ಧ ತಪಸ್ವಿಗಳ ನಡುವೆಯೇ ಶಕುಂತಲೆ ಬೆಳೆದಳು. ಅವಳ ಮಗ ಮಾರೀ­ಚರ ಆಶ್ರಮದಲ್ಲಿ ಸಿಂಹದ ಮರಿಯೊಡನೆ ಆಡಿದನು. ಶರಣರ ಹಾದಿಯಲ್ಲಂತೂ ಕಾಯಕಕ್ಕೆ ನಿವೃತ್ತಿಯೆಂಬುದೇ ಇಲ್ಲ.

ಹಾಗೆಂದು ಮನೆಯಲ್ಲಿಯೇ ಕುಳಿತಿರಿ ಎಂಬುದೂ ಉತ್ತರವಲ್ಲ. ಆಶ್ರಮವಾಸಿಕ ಪರ್ವದ ಕೊನೆಯನ್ನು ಮರೆಯಬಾರದು. ಕಾಡಿಗೆ ಹೋದ ಮೇಲೆ ಪಾಂಡವರು ಒಮ್ಮೆ ಬಂದು ತಿಂಗಳೊಪ್ಪತ್ತು ಇದ್ದು ಹೋದರು. ತಾಯಿಯನ್ನು ಕಂಡೊಡನೆ ಸಹದೇವನು ಓಡಿಬಂದು ಪಾದ ಹಿಡಿದು ಅತ್ತನು. ಅದಾಗಿ ಎರಡು ವರ್ಷಕ್ಕೆ ನಾರದನು ಸುದ್ದಿ ತಂದನು: ಕಾಡ್ಗಿಚ್ಚಿನಲ್ಲಿ ಮೂವರೂ ಬೆಂದುಹೋಗಿದ್ದರು. ಇಂಥ ಮಕ್ಕಳಿದ್ದೂ ತಾಯಿ ಅನಾಥಳಂತೆ ಸತ್ತಳಲ್ಲ ಎಂದು ಧರ್ಮರಾಜನು ಹಲುಬಿದನು. ಆಪತ್ತು ಬಂದಾಗ ಮಗ ಎಷ್ಟು ಗುಣವಂತನೆಂಬುದಲ್ಲ, ಎಷ್ಟು ಹತ್ತಿರ ಇದ್ದಾನೆಂಬುದೇ ಮುಖ್ಯವಾಗುತ್ತದೆ. ೨೦೧೯ರ ಆಗಸ್ಟ್‌ನಲ್ಲಿ ಕೃಷ್ಣೆ ದೂಧಗಂಗೆಗಳು ಉಕ್ಕಿ ಈ ಸೀಮೆಯ ಊರುಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ನೆರೆ ಬಂದಾಗ ಕೈ ಹಿಡಿಯುವವರು ನೆರೆಯವರೇ. ಓಣಿಯಲ್ಲಿ ತರುಣರೇ ಇಲ್ಲದಾದರೆ ಓಣಿಯ ಮನೆಯೂ ಕಾಡೇ ಆಯಿತು.

ಕಾಳಿದಾಸನು ರಘುವಂಶದ ಎಂಟನೆಯ ಸರ್ಗದಲ್ಲಿ ಇದಕ್ಕೊಂದು ಮಧ್ಯಮ ಮಾರ್ಗವನ್ನು ತೋರಿಸಿದ್ದಾನೆ. ಮುಪ್ಪಿನಲ್ಲಿ ರಘು ಮಹಾರಾಜನು ಕಾಡಿಗೆ ಹೊರಟನು. ಮಗ ಅಜನು ಕಣ್ಣೀರಿಡುತ್ತ ಕಾಲಿಗೆ ಬಿದ್ದು, ತನ್ನನ್ನು ಬಿಟ್ಟು ಹೋಗಬಾರದೆಂದು ಬೇಡಿದನು. ರಘು ಕಾಡಿಗೆ ಹೋಗಲಿಲ್ಲ; ಬಿಟ್ಟ ಅರಮನೆಗೆ ತಿರುಗಿ ಬರಲೂ ಇಲ್ಲ. ಊರ ಹೊರಗೆ ಒಂದು ನೆಲೆಯಲ್ಲಿ ನಿಂತನು. ಮಗನ ಕಣ್ಣಿಗೆ ದೂರವಾಗಲಿಲ್ಲ, ಮಗನ ಆಡಳಿತಕ್ಕೆ ಅಡ್ಡವಾಗಲಿಲ್ಲ. ಮಗನ ಪ್ರೀತಿಯನ್ನು ಮನ್ನಿಸಿದನು, ತನ್ನ ನಿರ್ಧಾರವನ್ನೂ ಉಳಿಸಿಕೊಂಡನು.

ಊರ ಹೊರಗಿನ ಆ ನೆಲೆ ಇಂದು ನಮ್ಮ ಊರುಗಳಲ್ಲಿ ಇಲ್ಲ. ಪುಣೆಯಲ್ಲಿ ಸಂಕೀರ್ಣವಿದೆ, ಬೋರಗಾಂವದಲ್ಲಿ ಒಂಟಿ ಮನೆಯಿದೆ. ನಡುವೆ ಏನೂ ಇಲ್ಲ. ಅದನ್ನು ಕಟ್ಟಬಲ್ಲವರು ಈ ಸಂಚಿಕೆಯನ್ನು ಓದುವವರಲ್ಲಿಯೇ ಇದ್ದಾರೆ. ದೊಡ್ಡ ಕಟ್ಟಡವೇನೂ ಬೇಕಿಲ್ಲ. ಶಾಲೆಯ ಆವರಣದ ಮಗ್ಗುಲಲ್ಲಿ ಹತ್ತು ಹನ್ನೆರಡು ಕೋಣೆ, ನೆಲಮಟ್ಟದಲ್ಲಿ, ಮೆಟ್ಟಿಲಿಲ್ಲದೆ. ಎರಡು ಹೊತ್ತು ಪ್ರಸಾದ. ವಾರಕ್ಕೊಮ್ಮೆ ವೈದ್ಯರು, ಆಸ್ಪತ್ರೆಗೆ ಹೋಗಲು ಒಂದು ವಾಹನ, ಜೊತೆಗೊಬ್ಬ ಆಳು. ಉಳಿಯಲು ಮನಸ್ಸಿಲ್ಲದವರು ಹಗಲು ಬಂದು ಉಂಡು, ಓದಿ, ಸಂಜೆ ಮನೆಗೆ ಹೋಗಲಿ. ಶುಲ್ಕ ಕೊಡಬಲ್ಲ ಗುರುಗಳು ಕೊಡಲಿ, ಕಬ್ಬು ಕಡಿದ ಮುದುಕನ ಪಾಲನ್ನು ದಾನಿಗಳು ಕೊಡಲಿ, ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂಡಲಿ. ಸಂಜೆ ಓದು ಬಾರದ ಹುಡುಗರಿಗೆ ಕಾಗುಣಿತ ತಿದ್ದಿಸುವ ಕೆಲಸ ಆ ಹಿರಿಯರಿಗೆ ಇರಲಿ. ದೂರದಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಹಾರ ಹಾಕಿಸಿಕೊಳ್ಳಲು ಬರುವ ಬದಲು ಇದಕ್ಕೆ ತಿಂಗಳಿಗಿಷ್ಟೆಂದು ಕಳಿಸಬಹುದು; ಅಲ್ಲಿ ಕೂಡುವವರು ಅವರ ತಂದೆತಾಯಿಯರೇ. ದಾನಿಗಳಿಗೆ ಒಂದೇ ವಿನಂತಿ: ಊರಿನಿಂದ ಎರಡು ಹರದಾರಿ ದೂರದ ಗುಡ್ಡದ ಮೇಲೆ, ಎತ್ತರದ ಗೋಡೆ ಕಟ್ಟಿ, ಹೆಸರಿನ ದೊಡ್ಡ ಫಲಕ ಹಾಕಿಸಬೇಡಿ. ಶಾಲೆಯ ಗಂಟೆ ಕೇಳಿಸುವಷ್ಟು ಹತ್ತಿರ ಕಟ್ಟಿಸಿ.

ಅದು ಆಗುವವರೆಗೆ ಬೋರಗಾಂವದ ಗುರುಗಳು ಕಾಯಲಾರರು. ದೀಪಾವಳಿ ಹತ್ತಿರ ಬಂದಿದೆ. ಮಗನಿಗೆ ಬರೆಯಬೇಕಾದ ಉತ್ತರ ಮೇಜಿನ ಮೇಲೆ ಅರ್ಧಕ್ಕೆ ನಿಂತಿದೆ. ಕಾಲುಗಳಲ್ಲಿ ಇನ್ನೂ ಶಕ್ತಿಯಿದೆ, ಬುದ್ಧಿ ಚುರುಕಾಗಿದೆ, ಉತಾರದಲ್ಲಿ ಇನ್ನೂ ಅವರದೇ ಹೆಸರಿದೆ. ಹೋಗುತ್ತೇವೆಂದು ಬರೆದರೂ ಸರಿ, ಇರುತ್ತೇವೆಂದು ಬರೆದರೂ ಸರಿ. ಲೇಖನಿಯನ್ನು ಕೆಳಗಿಟ್ಟು ಅವರು ಒಮ್ಮೆ ಒಳಗೆ ಹೋಗಿ, ಒಲೆಯ ಮುಂದೆ ಕುಳಿತವಳನ್ನು "ನಿನ್ನ ಮನಸ್ಸಿನಲ್ಲಿ ಏನಿದೆ?" ಎಂದು ಕೇಳಿ, ಆಕೆ ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕದೆ ಕೂತು ಕೇಳಬೇಕು. ಆಮೇಲೆ ಬರೆಯಲಿ, ಕೆಳಗೆ ಇಬ್ಬರೂ ರುಜು ಮಾಡಲಿ.